ಅರ್ಧ ಇಂಚಿನ ಆಯ

ಪೋಸ್ಟಿನವನ ಸೈಕಲ್ ಗಂಟೆ ಕೇಳಿದರೆ ಸಾಕು, ಉಳಿ ಹಿಡಿದ ಕೈ ನಿಂತುಬಿಡುತ್ತಿತ್ತು. ಅರವತ್ತೈದರ ಯುದ್ಧ ಶುರುವಾಗಿ ಐದಾರು ದಿನ. ನನ್ನ ಬೆನ್ನಿಗೆ ಬಿದ್ದ ತಮ್ಮ ಪಂಜಾಬಿನ ಗಡಿಯಲ್ಲೆಲ್ಲೋ ಟ್ಯಾಂಕು ನಡೆಸುತ್ತಿದ್ದ. ಅವನ ಕಾಗದ ಬಂದು ಒಂದೂವರೆ ತಿಂಗಳಾಗಿತ್ತು. ಗಂಟೆ ನಮ್ಮ ಓಣಿಗೆ ತಿರುಗಿದರೆ ಕಾಗದವೇ ಇರಲಿ ಎಂದುಕೊಳ್ಳುತ್ತಿದ್ದೆ; ಅಂಗಡಿ ದಾಟಿ ಮುಂದೆ ಹೋದರೆ, ಸದ್ಯ ಸಾವಿನ ಸುದ್ದಿಯ ತಾರು ಅಲ್ಲವಲ್ಲ ಎಂದು ಉಸಿರು ಬಿಡುತ್ತಿದ್ದೆ. ನಾನು ಹುಟ್ಟು ಅಂಜುಬುರುಕ. ಮನೆತನದ ಧೈರ್ಯವನ್ನೆಲ್ಲ ತಮ್ಮ ಒಬ್ಬನೇ ಬಾಚಿಕೊಂಡು ಹೋಗಿದ್ದ.

ಬಿಜಾಪುರದಲ್ಲಿ ನನ್ನದು ಸಣ್ಣ ಬಡಿಗತನದ ಅಂಗಡಿ. ಕುರ್ಚಿ, ಕಪಾಟು, ಬಾಗಿಲ ಚೌಕಟ್ಟು ಇಷ್ಟೇ ಕೆಲಸ. ಹುಟ್ಟಿದ ಊರು ಬಬಲೇಶ್ವರ. ಅಲ್ಲಿ ದೊಡ್ಡಣ್ಣನ ಸಂಸಾರದ ಜೊತೆ ಅವ್ವ ಇದ್ದಳು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಎತ್ತಿನ ಬಂಡಿ ಮಾಡುವುದರಲ್ಲಿ ಸುತ್ತಲಿನ ಹತ್ತು ಹಳ್ಳಿಗೆ ಹೆಸರಾದವನು. ಆ ರವಿವಾರ ಊರಿಗೆ ಹೋದಾಗ ಅವ್ವ ಒಲೆಯ ಮುಂದೆ ಕುಳಿತಿದ್ದಳು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯಾಡುತ್ತಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ.

"ಅವ ಕುಂಡ್ರೂ ಗಾಡಿ ಹಗೇವಿನಂಗ ಐತಿ ಅಂತಾರ. ಮ್ಯಾಲ ಮುಚ್ಚಳ ಐತಂತ. ಖರೇನು?" ಎಂದಳು.

"ಖರೇ ಇರಬೇಕವಾ."

"ಬೆಂಕಿ ಹತ್ತಿದ್ರ ಎಲ್ಲಿಂದ ಹೊರಗ ಬರತಾನ?"

ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಮುಚ್ಚಿಟ್ಟರೆ ಒಳಗೆ ಕೆಟ್ಟ ಗಾಳಿ ಕಟ್ಟುತ್ತದೆ. ತಮ್ಮ ಚಿಕ್ಕವನಿದ್ದಾಗ ನಮ್ಮ ಹಗೇವಿನೊಳಗೆ ಬಿದ್ದಿದ್ದ. ಅವ್ವ ಬಾಯಿಯ ಅಂಚಿಗೆ ಬೋರಲು ಬಿದ್ದು, ಅವನ ಜುಟ್ಟು ಹಿಡಿದು ಮೇಲೆಳೆದಿದ್ದಳು. ಇನ್ನೊಂದು ಗಳಿಗೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಊರೇ ಹೇಳಿತ್ತು. ಅವಳ ಭಯ ಗುಂಡಿನದಲ್ಲ, ಮುಚ್ಚಳದ್ದು.

"ನೀ ಬಡಿಗ ಅದಿ. ಆ ಗಾಡಿ ಸಣ್ಣದು ಮಾಡಿ ತಂದು ತೋರಸು. ಅವ ಹೊರಗ ಬರೂ ದಾರಿ ನನ್ನ ಕಣ್ಣಿಗೆ ಕಾಣಬೇಕು. ಅಲ್ಲೀತನ ಈ ತುತ್ತು ಗಂಟಲದಾಗ ಇಳಿಯೂದಿಲ್ಲ," ಎಂದಳು.

ಅವ್ವ ಸುಮ್ಮನೆ ಹೇಳುವವಳಲ್ಲ. ಅತ್ತಿಗೆ ನನ್ನನ್ನು ಪಡಸಾಲೆಗೆ ಕರೆದು, ಮೂರು ದಿನದಿಂದ ಬರೀ ಮಜ್ಜಿಗೆ ಕುಡಿಯುತ್ತಿದ್ದಾಳೆ ಎಂದು ಹೇಳಿದಳು.

ಅಳತೆ ನನ್ನ ಹತ್ತಿರವೇ ಇತ್ತು. ಹಿಂದಿನ ಬೇಸಿಗೆಯಲ್ಲಿ ರಜೆಗೆ ಬಂದಾಗ ತಮ್ಮ ನನ್ನ ಅಂಗಡಿಯಲ್ಲಿ ಕೂತು, ಚಹಾಪುಡಿ ಕಟ್ಟಿದ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗಾಡಿಯ ಚಿತ್ರ ಬರೆದಿದ್ದ. ಹತ್ತೊಂಬತ್ತು ಅಡಿ ಉದ್ದ, ಎಂಟೂವರೆ ಅಡಿ ಅಗಲ, ಒಂಬತ್ತು ಅಡಿ ಎತ್ತರ. ಒಂದೊಂದು ಬದಿಗೆ ಆರು ಗಾಲಿ. ಮುಂದೆ ಎಡಕ್ಕೆ ಒಂದು ಚೌಕ ಹಾಕಿ "ಇಲ್ಲಿ ನಾನು" ಎಂದು ಬರೆದಿದ್ದ. ನಗುತ್ತ ಕೊಟ್ಟಿದ್ದ ಆ ಕಾಗದ ಈಗ ಕೈಯಲ್ಲಿ ಹಿಡಿಯಲು ಹೆದರಿಕೆ. ಚಹಾದ ಅಂಗಡಿಯ ರೇಡಿಯೋ ಮುಂದೆ ದಿನಾ ಗೂಢಚಾರರ ಮಾತು ನಡೆಯುತ್ತಿತ್ತು. ಯಾರಾದರೂ ನೋಡಿ ಪೊಲೀಸರಿಗೆ ಹೇಳಿದರೆ ನನ್ನ ಗತಿ ಏನು ಎಂದು ಅದನ್ನು ದೇವರ ಜಗಲಿಯ ಅಡಿಯಲ್ಲಿಟ್ಟೆ. ಬೇಕೆಂದಾಗ ಕದ ಹಾಕಿಕೊಂಡು ತೆಗೆದು ನೋಡುತ್ತಿದ್ದೆ.

ಅಡಿಗೆ ಒಂದು ಇಂಚಿನ ಲೆಕ್ಕ ಹಿಡಿದೆ. ಒಡಲಿಗೆ ಸಾಗವಾನಿ ಹಲಗೆ. ಗೋಪುರದ ಹಾಗೆ ಮೇಲೆ ಕೂತು ತಿರುಗುವ ತೋಪಿನ ಗೂಡಿಗೆ ಬೇವಿನ ತುಂಡು. ಅದರ ದುಂಡು ಆಕಾರ ಹಲಗೆ ಜೋಡಿಸಿ ಬರುವಂಥದ್ದಲ್ಲ, ಕೆತ್ತಬೇಕು. ಹನ್ನೆರಡು ಗಾಲಿ ಒಂದೇ ಸಮ ಬರಬೇಕಲ್ಲ, ಹೆಂಡತಿಯ ಸವೆದ ಲಟ್ಟಣಿಗೆಯನ್ನೇ ಗರಗಸದಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ದೆ. ಅವಳು ಬೈಯಲಿಲ್ಲ, ಅದೇ ನನಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು. ಗಾಲಿಗಳ ಸುತ್ತ ಓಡುವ ಸರಪಳಿ ಪಟ್ಟಿಗೆ ಹಳೆಯ ಸೈಕಲ್ ಟ್ಯೂಬು ಸೀಳಿ, ಎಣ್ಣೆ ಡಬ್ಬಿಯ ತಗಡನ್ನು ಉಗುರಿನಷ್ಟು ಅಗಲ ಕತ್ತರಿಸಿ, ಒಂದೊಂದನ್ನೇ ಮಡಚಿ ಕೂಡಿಸಿದೆ. ಒಂದು ಬದಿಗೆ ಎಂಬತ್ತರ ಸಮೀಪ. ಎರಡು ದಿನ ಹಿಡಿಯಿತು, ಬೆರಳ ತುದಿಗಳೆಲ್ಲ ಗೀರಿಹೋದವು. ತೋಪಿನ ನಳಿಗೆಗೆ ಮುರಿದ ಕೊಡೆಯ ಕೋಲು. ಬೋಲ್ಟಿನ ತಲೆಗಳಿಗೆ ಏನು ಹಚ್ಚಬೇಕೆಂದು ಹೊಳೆಯದೆ ಅಡಿಗೆಮನೆಗೆ ಹೋಗಿ ನಿಂತೆ. ಸಾಸಿವೆ ಕಾಳು ಕಂಡಿತು. ಸರೇಸು ಅಂಟಿನ ಹನಿ ಇಟ್ಟು ಕಡ್ಡಿಯ ತುದಿಯಿಂದ ಒಂದೊಂದೇ ಕಾಳು ಕೂರಿಸಿದೆ. ಒಣಗಿದ ಮೇಲೆ ಥೇಟ್ ಕಬ್ಬಿಣವೇ.

ಕೆಲಸ ನಡೆಯುತ್ತಿರುವ ತನಕ ಭಯ ಸ್ವಲ್ಪ ದೂರ ಕೂಡುತ್ತಿತ್ತು. ಆದರೆ ಇದೆಲ್ಲಕ್ಕಿಂತ ಮೊದಲೇ, ಹಲಗೆ ಕೊಯ್ಯುವ ದಿನ, ನಾನು ಒಂದು ಕೆಲಸ ಮಾಡಿಬಿಟ್ಟಿದ್ದೆ. ಅದನ್ನು ತಪ್ಪು ಎಂದು ಅವತ್ತು ಯಾರಾದರೂ ಹೇಳಿದ್ದರೆ ನಾನೇ ಅವರಿಗೆ ಬುದ್ಧಿ ಹೇಳುತ್ತಿದ್ದೆ.

ನಮ್ಮ ಮನೆಯಲ್ಲಿ ಆಯ ನೋಡದೆ ಗರಗಸ ಹಚ್ಚುವುದಿಲ್ಲ. ಮನೆಯಿರಲಿ, ಬಂಡಿಯಿರಲಿ, ತೊಟ್ಟಿಲಿರಲಿ, ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಬೇಕು. ಉಳಿದ ಅಂಕಿಯೇ ಆಯ. ಎಂಟಕ್ಕೂ ಹೆಸರಿದೆ, ಅದರಲ್ಲಿ ಧ್ವಜ, ಸಿಂಹ, ವೃಷಭ, ಗಜ ಶುಭ, ಉಳಿದ ನಾಲ್ಕು ಕೆಟ್ಟವು. ಕೆಟ್ಟ ಆಯ ಬಂದರೆ ಅಳತೆಯನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿ ಒಳ್ಳೆಯದಕ್ಕೆ ತರಬೇಕು. ಅಪ್ಪ ಒಮ್ಮೆ ಲೆಕ್ಕ ತಪ್ಪಿ ಕೆಟ್ಟ ಆಯದ ಬಂಡಿ ಕಟ್ಟಿದ್ದ. ತಿಳಿದ ಕೂಡಲೇ, ರೈತ ಬೇಡ ಬೇಡ ಎಂದರೂ, ಕೊಯ್ದು ಸೌದೆಗೆ ಹಾಕಿದ್ದ. ನಾನು ಈ ಸಣ್ಣ ಗಾಡಿಗೆ ಅರ್ಧ ಇಂಚನ್ನು ಒಂದು ಬೆರಳೆಂದು ಹಿಡಿದು ಎಣಿಸಿದೆ. ಉದ್ದ ಮೂವತ್ತೆಂಟು, ಅಗಲ ಹದಿನೇಳು. ಗುಣಿಸಿ ಭಾಗಿಸಿದರೆ ಉಳಿದದ್ದು ಆರು. ಆರು ಎಂದರೆ ಖರ, ಅಂದರೆ ಕತ್ತೆ. ಕೆಟ್ಟದ್ದು.

ತಮ್ಮ ಕೂತ ಗಾಡಿಗೆ ಕತ್ತೆಯ ಆಯವೇ. ಉದ್ದದಲ್ಲಿ ಒಂದು ಬೆರಳು ಕಡಿಮೆ ಮಾಡಿ ನೋಡಿದೆ. ಉಳಿದದ್ದು ಐದು, ವೃಷಭ. ಬಂಡಿಗೆ ಇದಕ್ಕಿಂತ ಒಳ್ಳೆಯ ಆಯವಿಲ್ಲ. ಎರಡನೆಯ ಯೋಚನೆಯೇ ಇಲ್ಲದೆ ಮುಂದಿನ ಕಡೆಯಿಂದ ಅರ್ಧ ಇಂಚು ಕೊಯ್ದು ಹಾಕಿದೆ. ಅವತ್ತು ಊಟ ಸೇರಿತು.

ಹತ್ತನೆಯ ದಿನಕ್ಕೆ ಗಾಡಿ ಎದ್ದು ನಿಂತಿತು. ಹಳದಿಗೆ ಕಪ್ಪು ಕೂಡಿಸಿ ಹಸಿರು ಬಣ್ಣ ಮಾಡಿ ಒಂದು ಕೈ ಬಳಿದೆ. ತೋಪಿನ ಗೂಡು ಸುತ್ತಲೂ ತಿರುಗುತ್ತಿತ್ತು. ಕೊನೆಗೆ ತಮ್ಮ ಕೂಡುವ ಜಾಗದ ಮೇಲಿನ ಮುಚ್ಚಳ. ತಗಡಿನ ಕೀಲು ಮಾಡಿ ಗುಂಡುಸೂಜಿ ಹಾಕಿ ಕೂರಿಸಿ ಎತ್ತಿದೆ. ಕೂದಲೆಳೆಯಷ್ಟು ಎದ್ದು ಟಕ್ ಎಂದು ನಿಂತಿತು. ಹಿಂದಿನ ತೋಪಿನ ಗೂಡಿಗೆ ಬಡಿಯುತ್ತಿತ್ತು. ಗೂಡು ತಿರುಗಿಸಿ ನೋಡಿದೆ, ಆಗಲೂ ಟಕ್. ಮುಚ್ಚಳದ ಅಂಚು ಉಜ್ಜಿದೆ, ಕೀಲು ಬದಲಿಸಿದೆ. ಟಕ್. ಒಂದು ಕಡಲೆ ಕಾಳು ಹೊರಗೆ ಬರುವಷ್ಟೂ ಸಂದಿಯಿಲ್ಲ. ನಿಜದ ಗಾಡಿಯೂ ಹೀಗೇ ಇದ್ದರೆ ಅವ್ವನಿಗೆ ಏನು ತೋರಿಸಲಿ? ಗಾಡಿಗೆ ಗೋಣಿತಟ್ಟು ಮುಚ್ಚಿ, ಎರಡು ದಿನ ಅದರ ಹತ್ತಿರ ಸುಳಿಯಲಿಲ್ಲ.

ತಿಕೋಟಾದಲ್ಲಿ ಸೈನ್ಯದ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ, ಇಂಥ ಗಾಡಿಗಳನ್ನೇ ರಿಪೇರಿ ಮಾಡುತ್ತಿದ್ದರು ಎಂದು ನನ್ನ ಗಿರಾಕಿಯೊಬ್ಬರು ಹೇಳಿದರು. ಗಾಡಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಚೀಲ ಮುಟ್ಟಿ ನೋಡಿದ.

"ಏನೈತ್ರಿ ಇದರಾಗ?"

"ಬಂಡಿ ರೀ."

"ಯಾರ ಬಂಡಿ?"

"ನಮ್ಮ ತಮ್ಮಂದು," ಎಂದೆ. ಆಟದ ಸಾಮಾನು ಎಂದುಕೊಂಡನೋ ಏನೋ, ಮುಂದೆ ಹೋದ. ತಿಕೋಟಾ ಬರುವತನಕ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಹವಾಲ್ದಾರರ ಮನೆ ಊರ ಅಂಚಿನಲ್ಲಿತ್ತು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಅವರ ಸಮವಸ್ತ್ರದ ಫೋಟೋ. ನಾನು ಬಂದ ಕಾರಣ ಹೇಳಿದ ಮೇಲೆ ಅವರು ಗಾಡಿಯನ್ನು ಬೆಳಕಿಗೆ ಒಯ್ದರು. ಗಾಲಿ ತಿರುಗಿಸಿದರು, ಸಾಸಿವೆಯ ಮೇಲೆ ಬೆರಳಾಡಿಸಿ ಒಂಚೂರು ನಕ್ಕರು. ಆಮೇಲೆ ಉಗುರಿನಿಂದ ಮುಚ್ಚಳ ಎತ್ತಿದರು. ಟಕ್. ನಗು ಹೋಯಿತು.

"ಬಡಿಗ್ಯಾರ, ಇದರಾಗ ಕುಂತಾಂವ ಹೊರಗ ಬರೂದಿಲ್ಲ," ಎಂದರು.

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. "ಖರೇ ಗಾಡೀನೂ ಹಿಂಗ ಇರತೈತೇನ್ರಿ?"

"ಇಲ್ಲ. ನಿಮ್ಮದು ಮುಂದ ಗಿಡ್ಡ ಆಗೇತಿ. ಅರ್ಧ ಇಂಚರ ಕಮ್ಮಿ ಬಿದ್ದೈತಿ. ಅಳತಿ ಸರಿ ಬರದಿದ್ದಿಲ್ಲೇನು ನಿಮ್ಮ ತಮ್ಮ?"

ಅಳತೆ ಸರಿಯಾಗಿತ್ತು, ಆಯ ಸರಿಯಿರಲಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಕೇಳಿಸಿತು. ತಮ್ಮನಿಗೆ ಒಳ್ಳೆಯದಾಗಲೆಂದು ನಾನೇ ಅವನ ಬಾಗಿಲು ಮುಚ್ಚಿದ್ದೆ. ಹವಾಲ್ದಾರರು ನಗಲಿಲ್ಲ, ಬೈಯಲೂ ಇಲ್ಲ. ಒಳಗಿನಿಂದ ಚಹಾ ತರಿಸಿ ನನ್ನ ಕೈಗೆ ಕೊಟ್ಟು, ನಾನು ಕುಡಿದು ಮುಗಿಸುವತನಕ ಕಾದರು.

"ಇನ್ನೊಂದು ಮಾತು. ಅಳತಿ ಸರಿ ಇದ್ದರೂ, ತೋಪು ಆ ಕಡೆ ತಿರುಗಿ ಮುಚ್ಚಳದ ಮ್ಯಾಲ ನಿಂತಾಗ ಅದು ತೆರಿಯೂದಿಲ್ಲ. ಅದಕ್ಕಂತನ ಕೆಳಗ ಒಂದು ಬಾಗಲಾ ಐತಿ. ಅದನ್ನ ನೀವು ಮಾಡೇ ಇಲ್ಲ."

"ಕೆಳಗೇನ್ರಿ?"

ಅವರು ಗಾಡಿಯನ್ನು ಬೋರಲು ಹಾಕಿದರು. ಅಡಿಯಲ್ಲಿ ನಾನು ಬಣ್ಣ ಕೂಡ ಬಳಿದಿರಲಿಲ್ಲ. ಯಾರು ನೋಡುತ್ತಾರೆ ಎಂದು ಬಿಟ್ಟಿದ್ದೆ. ಬಲಗಡೆ, ಚಾಲಕನ ಪಕ್ಕದಲ್ಲಿ ಕೂಡುವವನ ಸೀಟಿನ ಹಿಂದೆ, ಪೆನ್ಸಿಲ್ಲಿನಿಂದ ಒಂದು ಚೌಕ ಹಾಕಿದರು. "ಇದಕ್ಕ ಕೀಲು ಇಲ್ಲ. ಒಳಗಿಂದ ಚಿಲಕ ಎಳದ್ರ ಪೂರಾ ನೆಲಕ್ಕ ಬೀಳತೈತಿ. ತಾಯಿಗೆ ತೋರಸೂದಿದ್ರ ಇದನ್ನ ತೋರಸ್ರಿ."

ತಿರುಗಿ ಬರುವ ಬಸ್ಸಿನಲ್ಲಿ ಲೆಕ್ಕ ಹಾಕುತ್ತ ಬಂದೆ. ಅಗಲ ಒಂದು ಬೆರಳು ಹೆಚ್ಚಿಸಿದರೆ ಉಳಿಯುವುದು ನಾಲ್ಕು, ನಾಯಿ. ಕಡಿಮೆ ಮಾಡಿದರೆ ಏನೂ ಉಳಿಯದು, ಅದು ಕಾಗೆ. ಎರಡೂ ಕೆಟ್ಟವು. ಉದ್ದವನ್ನೇ ಒಂದು ಬೆರಳು ಹೆಚ್ಚಿಸಿದರೆ ಏಳು, ಗಜ. ಶುಭ. ಮುಚ್ಚಳವೂ ಸರಾಗವಾಗಿ ತೆರೆಯುತ್ತದೆ. ಅವ್ವನಿಗೆ ಸಮಾಧಾನ, ಅಪ್ಪನ ಮಾತೂ ಉಳಿಯಿತು. ಬಿಜಾಪುರ ಮುಟ್ಟುವಷ್ಟರಲ್ಲಿ ಮನಸ್ಸು ಅಲ್ಲಿಗೇ ವಾಲಿತ್ತು.

ಮರುದಿನ ಹೊಸ ಹಲಗೆಯ ಮೇಲೆ ಹತ್ತೊಂಬತ್ತೂವರೆ ಇಂಚಿಗೆ ಗೀಟು ಹಾಕಿ ಗರಗಸ ಎತ್ತಿದೆ. ಕೈ ಏಳಲಿಲ್ಲ. ಇಲ್ಲಿಯ ಅರ್ಧ ಇಂಚು ಅಲ್ಲಿ ಅರ್ಧ ಅಡಿ. ಅವ್ವನಿಗೆ ನಾನು ತೋರಿಸುವ ದಾರಿಯಲ್ಲಿ ಅರ್ಧ ಅಡಿ ಸುಳ್ಳು. ಅವಳು ಕೇಳಿದ್ದು ಸಮಾಧಾನವಲ್ಲ, ಅವನು ಹೊರಗೆ ಬರುವ ದಾರಿ. ಅತ್ತ ಹತ್ತೊಂಬತ್ತೇ ಇಂಚಿಗೆ ಕೊಯ್ಯೋಣವೆಂದರೆ ಕತ್ತೆಯ ಆಯವನ್ನು ಬೇಕೆಂತಲೇ ನನ್ನ ಕೈಯಾರೆ ಮಾಡಿದಂತೆ. ಇವತ್ತು ಕೊಯ್ದು ನಾಳೆ ತಾರು ಬಂದರೆ ನಾನು ಬದುಕಿರುವತನಕ ಆ ಹಲಗೆಯನ್ನೇ ಕಾಣಬೇಕು. ನೀರು ಕುಡಿದು ಬಂದೆ, ಮತ್ತೆ ಕುಡಿದು ಬಂದೆ. ಕೊನೆಗೆ ದೇವರ ಜಗಲಿಯ ಅಡಿಯಿಂದ ತಮ್ಮನ ಕಾಗದ ತಂದು ಎದುರಿಗಿಟ್ಟುಕೊಂಡೆ. "ಇಲ್ಲಿ ನಾನು" ಎಂದಿತ್ತು. ಅವನು ಕೂತಿರುವುದು ಅಲ್ಲಿ, ನನ್ನ ಆಯದಲ್ಲಲ್ಲ. ಹತ್ತೊಂಬತ್ತು ಇಂಚಿಗೆ ಹೊಸ ಗೀಟು ಹಾಕಿ ಕೊಯ್ದೆ.

ಒಡಲು ಪೂರ್ತಿ ಹೊಸದಾಗಿ ಕಟ್ಟಿದೆ. ಗಾಲಿ, ಪಟ್ಟಿ, ತೋಪಿನ ಗೂಡು ಬಿಚ್ಚಿ ಅದಕ್ಕೇ ಕೂಡಿಸಿದೆ. ಅಡಿಯಲ್ಲಿ ಚೌಕ ಕೊರೆದು, ಒಳಗಿನಿಂದ ಸೂಜಿ ಎಳೆದರೆ ಬೀಳುವಂತೆ ಬಾಗಿಲು ಮಾಡಿದೆ. ಸೂಜಿಗೊಂದು ದಾರ ಕಟ್ಟಿ ಮೇಲೆ ತಂದೆ. ಈ ಸಲ ಅಡಿಗೂ ಬಣ್ಣ ಬಳಿದೆ. ಮುಚ್ಚಳ ಎತ್ತಿದೆ. ಎದ್ದು ಪಕ್ಕಕ್ಕೆ ಬಿತ್ತು. ತೋಪನ್ನು ಎಡಕ್ಕೆ ತಿರುಗಿಸಿ ಅದರ ಮೇಲೆ ತಂದು ಎತ್ತಿದೆ. ಏಳಲಿಲ್ಲ. ಹವಾಲ್ದಾರರು ಹೇಳಿದ ಹಾಗೆಯೇ ಇತ್ತು. ಚಾಲಕನ ಸೀಟು ಮಾಡಿದ್ದೆ, ಆದರೆ ಅದರಲ್ಲಿ ಗೊಂಬೆ ಕೂರಿಸುವ ಧೈರ್ಯ ನನಗೆ ಕೊನೆಯತನಕ ಬರಲಿಲ್ಲ.

ಅಷ್ಟರಲ್ಲಿ ಯುದ್ಧ ನಿಂತಿತು ಎಂದು ರೇಡಿಯೋ ಹೇಳಿತು. ಓಣಿಯಲ್ಲಿ ಪೇಡೆ ಹಂಚಿದರು. ನನಗೆ ಆ ದಿನಗಳೇ ಹೆಚ್ಚು ಕಷ್ಟದವು. ಯುದ್ಧ ನಡೆಯುತ್ತಿದ್ದಾಗ, ಬರೆಯಲು ಪುರುಸೊತ್ತಿಲ್ಲ ಎಂದುಕೊಳ್ಳಬಹುದಿತ್ತು. ಈಗ ಹಾಗೆಂದುಕೊಳ್ಳಲೂ ಆಗದು.

ಬಬಲೇಶ್ವರಕ್ಕೆ ಒಯ್ದಾಗ ಅವ್ವ ಇನ್ನಷ್ಟು ಸೊರಗಿದ್ದಳು. ಗಾಡಿಯನ್ನು ಪಡಸಾಲೆಯಲ್ಲಿ ಚಾಪೆಯ ಮೇಲಿಟ್ಟೆ. ಅವಳು ಅದರ ಸುತ್ತ ಒಮ್ಮೆ ಬಂದು ಕುಳಿತಳು.

"ಎಲ್ಲಿ ಕುಂಡ್ರತಾನ?"

ತೋರಿಸಿದೆ. ಒಳಗೆ ಹೋಗಿ ಗಡಿಗೆಯಿಂದ ಒಂದು ಕಡಲೆ ಕಾಳು ತಂದು ಆ ಸೀಟಿನ ಮೇಲಿಟ್ಟಳು. ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಮೇಲೆ ತಾನಾಗಿಯೇ ತೋಪನ್ನು ಎಡಕ್ಕೆ ತಿರುಗಿಸಿ ಎತ್ತಿ ನೋಡಿದಳು.

"ಇದು ತೆರಿಯಾಕ ಒಲ್ಲದು," ಎಂದಳು.

"ಯವ್ವಾ, ಆ ದಾರ ಎಳಿ. ಕೆಳಗ ಕೈ ಹಿಡಿ."

ಒಂದು ಕೈಯಿಂದ ಗಾಡಿ ಎತ್ತಿಕೊಟ್ಟೆ. ಅವಳು ದಾರ ಎಳೆದಳು. ಬಾಗಿಲು ಚಾಪೆಗೆ ಬಿತ್ತು. ಗಾಡಿಯನ್ನು ಒಂದಿಷ್ಟು ವಾಲಿಸಿದೆ. ಕಡಲೆ ಉರುಳಿ ಬಂದು ಅವಳ ಅಂಗೈಗೆ ಬಿತ್ತು. ಅವ್ವ ಮುಷ್ಟಿ ಮುಚ್ಚಿದಳು. ಬಹಳ ಹೊತ್ತು ಬಿಚ್ಚಲಿಲ್ಲ.

ಬಡಿಗನ ಹೆಂಡತಿಯಾಗಿ ನಲವತ್ತು ವರ್ಷ ಬಾಳಿದವಳು. ನಾನು ಹೆದರಿದ್ದ ಮಾತು ಕೊನೆಗೂ ಬಂತು. "ಆಯ ಯಾವುದು ಬಂತು?"

ಸುಳ್ಳು ತುದಿನಾಲಿಗೆಯ ಮೇಲೇ ಇತ್ತು. ಅಳತೆಯಲ್ಲಿ ಹೇಳದ ಸುಳ್ಳನ್ನು ಬಾಯಲ್ಲಿ ಹೇಳಿ ಏನು ಮಾಡಲಿ? "ಖರ," ಎಂದೆ, ನೆಲ ನೋಡುತ್ತ. "ಅರ್ಧ ಇಂಚು ಕಡಿಮಿ ಮಾಡಿದ್ರ ಮುಚ್ಚಳ ತೆರೀತಿದ್ದಿಲ್ಲ. ಇದ್ದದ್ದು ಇದ್ದಂಗ ಮಾಡೇನಿ."

ಹೊರಗೆ ದೊಡ್ಡಣ್ಣ ಎತ್ತು ಕಟ್ಟುವ ಸದ್ದು ಕೇಳುತ್ತಿತ್ತು.

"ಕತ್ತಿ ಅಲ್ಲೇನು," ಎಂದಳು ಕೊನೆಗೆ. "ಅಗಸರ ಕತ್ತಿ ನೋಡೀಯಿಲ್ಲೋ? ಎಲ್ಲೆ ಬಿಟ್ಟರೂ ಸಂಜಿಕ್ಕ ತಾನ ಮನಿಗೆ ಬರತೈತಿ. ಎತ್ತಿಗೆ ಹಗ್ಗ ಹಿಡದು ಕರಕೊಂಡು ಬರಬೇಕು." ಹೀಗೆಂದು ಎದ್ದು, ಅತ್ತಿಗೆಯನ್ನು ಕೂಗಿ, ತನಗೊಂದು ರೊಟ್ಟಿ ಹಾಕಲು ಹೇಳಿದಳು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಅಂದಿನಿಂದ ಅವ್ವ ದಿನಾ ಬೆಳಿಗ್ಗೆ ಒಂದು ಕಡಲೆಯನ್ನು ಆ ಸೀಟಿನಲ್ಲಿಟ್ಟು, ಅಡಿಯ ಬಾಗಿಲಿಂದ ಇಳಿಸಿಕೊಂಡು, ಆಮೇಲೆ ಬಾಯಿಗೆ ನೀರು ಹಾಕುತ್ತಿದ್ದಳು. ಮಾನವಮಿ ಕಳೆದ ಮೇಲೆ ಕಾಗದ ಬಂತು. ವಿಳಾಸದ ಅಕ್ಷರ ತಮ್ಮನದಲ್ಲ. ನಾನು ಅದನ್ನು ಒಡೆಯದೆ ತಿರುವಿ ತಿರುವಿ ನೋಡುತ್ತಿದ್ದುದನ್ನು ಕಂಡು ಹೆಂಡತಿ ಕಸಿದುಕೊಂಡು ತಾನೇ ಒಡೆದಳು. ಕೈಗೆ ಸುಟ್ಟ ಗಾಯ, ಆಸ್ಪತ್ರೆಯಲ್ಲಿದ್ದೇನೆ, ಪಕ್ಕದವರಿಂದ ಬರೆಸಿದ್ದೇನೆ ಎಂದಿತ್ತು.

ಎಳ್ಳಮಾವಾಸ್ಯೆಯ ಹೊತ್ತಿಗೆ ರಜೆ ಸಿಕ್ಕಿ ಬಂದ. ಬಬಲೇಶ್ವರದಲ್ಲಿ ಬಸ್ಸಿನಿಂದ ಇಳಿದು ತಾನೇ ನಡೆದುಕೊಂಡು ಮನೆಗೆ ಬಂದ. ಎರಡೂ ಮುಂಗೈಯ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಊಟಕ್ಕೆ ಮೊದಲು ನಾನು ಗಾಡಿಯನ್ನು ಅವನ ಮುಂದಿಟ್ಟೆ. ಗಾಲಿ ತಿರುಗಿಸಿದ, ಸಾಸಿವೆ ನೋಡಿ ನಕ್ಕ. ತೋಪನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ ಮುಚ್ಚಳದ ಮೇಲೆ ತಂದು ನಿಲ್ಲಿಸಿದ. ಉಗುರಿನಿಂದ ಎತ್ತಿದ. ಏಳಲಿಲ್ಲ.

"ಹಿಂಗ ಇತ್ತು ಅಣ್ಣಾ," ಎಂದ. "ಅವತ್ತೂ ಇದು ತೆರೀಲಿಲ್ಲ."

ಅವನು ದಾರ ಎಳೆದ. ಬಾಗಿಲು ಬಿತ್ತು. ಗಾಡಿಯನ್ನು ಎತ್ತಿ ವಾಲಿಸಿ ಅಡಿ ನೋಡಲು ಹೋದ. ಅವ್ವ ಆ ಬೆಳಿಗ್ಗೆ ಗಡಿಬಿಡಿಯಲ್ಲಿ ಇಟ್ಟು ಮರೆತಿದ್ದ ಕಡಲೆ ಉರುಳಿ ಅವನ ತೊಡೆಯ ಮೇಲೆ ಬಿತ್ತು. ಇದೇನೆಂದು ಅವನಿಗೆ ತಿಳಿಯಲಿಲ್ಲ, ನನ್ನ ಮುಖ ನೋಡಿದ. ನಾನು ಅವ್ವನ ಮುಖ ನೋಡಿದೆ.

ಅವ್ವ ಕಡಲೆಯನ್ನು ಅವನ ತೊಡೆಯಿಂದ ಎತ್ತಿಕೊಂಡು ಒಳಗೆ ಹೋದಳು. ಅದನ್ನು ಗಡಿಗೆಯಲ್ಲಿದ್ದ ಉಳಿದ ಕಡಲೆಯ ಜೊತೆ ಹಾಕಿ, ಅವನಿಗೆ ಕೈ ತೊಳೆಯಲು ನೀರು ತಂದಳು.